ಅರ್ಧ ಚುಕ್ಕಿ

ಬೆಸುಗೆಗೆ ಆ ಹೆಸರಿಟ್ಟವಳು ಅವನ ಅತ್ತಿಗೆ. ಮುರಿದದ್ದನ್ನು ಅಂಟಿಸುವುದು ಬಿಟ್ಟರೆ ಅವನಿಗೆ ಬೇರೇನೂ ಬರುವುದಿಲ್ಲ ಎಂದು ಅವಳ ಅಂಬೋಣ. ಪೂರ್ತಿ ಸುಳ್ಳೂ ಅಲ್ಲ ಬಿಡಿ. ಅಣ್ಣ ಬದುಕಿದ್ದಾಗ ಒಂದು ಎಡಿಟರ್ ಬರೆದಿಟ್ಟಿದ್ದ. ಕಂಪ್ಯೂಟರಿನಲ್ಲಿ ಆಡುವ ಅವರದೇ ಹಳೆಯ ಆಟವೊಂದಕ್ಕೆ ಹೊಸ ಹೊಸ ಲೆವೆಲ್ ಕಟ್ಟುವ ಸಲಕರಣೆ ಅದು. ಅಣ್ಣ ಹೋದ ಮೇಲೆ ಅದಕ್ಕೆ ತೇಪೆ ಹಾಕುತ್ತಾ ಜೀವ ಉಳಿಸಿಟ್ಟವನು ಬೆಸುಗೆ. ಅದರಲ್ಲಿ ಲೆವೆಲ್ ಕಟ್ಟುವವಳು ಅತ್ತಿಗೆ. ಕಟ್ಟಿದ್ದನ್ನು ಆಡಿ ನೋಡಿ ಬೈಯುವವಳು ಅತ್ತಿಗೆಯ ಮಗಳು. ಮೂರೇ ಜನರ ಕಂಪನಿ. ಟೈರ್ ಅಂಗಡಿಯ ಮೇಲೆ ಎರಡು ಬಾಡಿಗೆ ಕೋಣೆ. ಕೆಳಗೆ ಗಾಳಿ ತುಂಬುವ ಯಂತ್ರ ಶುರುವಾಯಿತೆಂದರೆ ಮೇಲೆ ಮೇಜಿನ ಮೇಲಿನ ಲೋಟಗಳು ಒಂದಕ್ಕೊಂದು ತಾಗಿ ಗಡಗಡ ಎನ್ನುತ್ತಿದ್ದವು. ರಬ್ಬರಿನ ವಾಸನೆ ಪರದೆಗೆ, ಕುರ್ಚಿಗೆ, ಅತ್ತಿಗೆಯ ಶಾಲಿಗೆ ಮೆತ್ತಿಕೊಂಡು ಹೋಗಿತ್ತು.

ಆಟ ಬಲು ಸರಳ. ಒಂದು ಚೆಂಡು, ಸುತ್ತ ಗೋಡೆಗಳು, ಕೆಳಗಿಳಿಯುತ್ತಾ ಹೋಗಬೇಕು. ದಾರಿಯಂತೆ ಕಾಣುವುದೆಲ್ಲ ಕೊನೆಗೆ ಹೋಗಿ ಗೋಡೆಗೆ ಮೂತಿ ತಿಕ್ಕುತ್ತದೆ. ನಿಜವಾದ ದಾರಿ ಇರುವುದು ಗೋಡೆಯ ಸಂದಿನಲ್ಲಿ. ಆ ಸಂದು ಎಂಥ ಕಣ್ಣಿಗೂ ಕಾಣುವುದಿಲ್ಲ. ಸರಿಯಾದ ಜಾಗದಲ್ಲಿ ಚೆಂಡನ್ನು ಗೋಡೆಗೆ ಒತ್ತಿ ಹಿಡಿದರೆ ಮಾತ್ರ ಸೊಂಯ್ಯೆಂದು ನುಸುಳಿ ಆಚೆ ಬೀಳುತ್ತದೆ. ಆ ಸಂದು ಹುಡುಕುವುದಕ್ಕಾಗಿಯೇ ಊಟ ನಿದ್ದೆ ಬಿಟ್ಟು ಕೂರುವ ಹುಚ್ಚರು ಅಲ್ಲೊಬ್ಬರು ಇಲ್ಲೊಬ್ಬರು ಇನ್ನೂ ಉಳಿದಿದ್ದರು. ಅವರಿಂದಲೇ ಇವರ ಒಲೆ ಉರಿಯುತ್ತಿತ್ತು.

ಸಂದು ಎಲ್ಲೆಲ್ಲಿದೆ ಎಂಬುದನ್ನು ಅತ್ತಿಗೆ ಯಾರಿಗೂ ಬಾಯಿ ಬಿಡುತ್ತಿರಲಿಲ್ಲ. ಅಣ್ಣನ ಕಾಲದಿಂದ ನಡೆದು ಬಂದ ಕಟ್ಟುಪಾಡು ಅದು. ಗೊತ್ತಿದ್ದವರು ಆಡಿ ನೋಡಿದರೆ ಅದು ಆಡಿದಂತೆಯೇ ಅಲ್ಲ. ಹಾಗಾಗಿ ಎಲ್ಲೂ ಬರೆದಿಡುವಂತಿಲ್ಲ, ಹೆತ್ತ ಮಗಳಿಗೂ ಹೇಳುವಂತಿಲ್ಲ. ಬೆಸುಗೆಗಂತೂ ಹೇಳುವ ಮಾತೇ ಇಲ್ಲ. ಅವನು ಆ ಆಟವನ್ನು ಜನ್ಮದಲ್ಲಿ ಒಮ್ಮೆಯೂ ಆಡಿದವನಲ್ಲ. ಕೇಳಿದರೆ, "ಸೇತುವೆ ಕಟ್ಟೋನು ನದಿಗೆ ಹಾರಿ ನೋಡಬೇಕಾ?" ಎನ್ನುತ್ತಿದ್ದ.

ಈಗ ಎಲ್ಲರ ಜೀವ ನಿಂತಿದ್ದುದು 'ಬಾವಿ'ಯ ಮೇಲೆ. ಅದು ಅಣ್ಣ ಅತ್ತಿಗೆ ಜೊತೆಗೂಡಿ ಶುರು ಮಾಡಿದ್ದ ಲೆವೆಲ್. ಮೇಲಿನ ಅರ್ಧ ಇಬ್ಬರದು, ಕೆಳಗಿನ ಅರ್ಧ ಇವಳೊಬ್ಬಳದು. ಅಣ್ಣ ತಾನು ಬಿಟ್ಟ ಸಂದುಗಳನ್ನು ಹೆಂಡತಿಗೂ ಹೇಳದೆ ಹೋಗಿದ್ದ. ಅವನ್ನೆಲ್ಲ ಒಂದೊಂದಾಗಿ ತಡಕಿ ಹುಡುಕಿಕೊಂಡೇ ಅವಳು ಕೆಳಗಿಳಿದಿದ್ದಳು. ಇನ್ನು ತಳವೊಂದು ಕಟ್ಟಿದರೆ ಮುಗಿಯಿತು.

"ಇದೊಂದು ಹೊರಗೆ ಹೋಗಲಿ, ಆಮೇಲೆ ಈ ಅಂಗಡಿಗೆ ಬೀಗ ಜಡಿದು ಕಾಲು ಚಾಚಿ ಮಲಗ್ತೀನಿ" ಎನ್ನುತ್ತಿದ್ದಳು.

ಅಷ್ಟರಲ್ಲಿ ಸಿಸ್ಟಂ ಅಪ್‌ಡೇಟ್ ಬಂತು. ಬಂತೇನು, ಅತ್ತಿಗೆಯೇ ಕರೆದು ಕೂರಿಸಿಕೊಂಡಳು.

"ಯಾವುದೋ ಡಬ್ಬಿ ಪದೇ ಪದೇ ಕಣ್ಣಿಗೆ ಅಡ್ಡ ಬಂದು ನಿಲ್ತಿತ್ತು. ಆಯ್ತು ಹೋಗು ಅಂತ ಒತ್ತಿದೆ" ಎಂದಳು.

"ಅದರಲ್ಲಿ ಏನು ಬರೆದಿತ್ತು, ಓದಿದ್ರಾ ಅತ್ತಿಗೆ?"

"ಅದನ್ನೆಲ್ಲ ಓದ್ತಾ ಕೂತ್ರೆ ಬಾವಿ ತೋಡೋರು ಯಾರು? ನಿಮ್ಮಪ್ಪನಾ?"

ಎಡಿಟರ್ ತೆರೆಯಲು ಹೋದರೆ ಬೂದು ಬಣ್ಣದ ಕಿಟಕಿಯೊಂದು ಮಿಂಚಿ ಮಾಯವಾಗುತ್ತಿತ್ತು, ಅಷ್ಟೇ. ಹಳೆಯ ಸಿಸ್ಟಂಗೆ ಹಿಂದಕ್ಕೆ ಹೋಗುವ ಬಾಗಿಲನ್ನು ಸಿಸ್ಟಂನವರು ಇಟ್ಟೇ ಇರಲಿಲ್ಲ. ಅದೂ ಅಲ್ಲದೆ, ಹೊಸ ಸಿಸ್ಟಂಗೆ ಒಗ್ಗದ ಆಟಗಳನ್ನೆಲ್ಲ ಆಟ ಮಾರುವ ತಮ್ಮ ಆನ್‌ಲೈನ್ ಮಳಿಗೆಯಿಂದ ಕಿತ್ತುಹಾಕುತ್ತೇವೆ ಎಂದು ಅವರು ಮೊದಲೇ ಸಾರಿಬಿಟ್ಟಿದ್ದರು. ಇವತ್ತಲ್ಲದಿದ್ದರೆ ನಾಳೆ ಎಲ್ಲರೂ ಆ ಹಳ್ಳಕ್ಕೆ ಬೀಳಲೇಬೇಕಿತ್ತು.

ಬೆಸುಗೆ ತೋಳು ಮಡಚಿ ಕೂತ. ಅಣ್ಣನ ಕೋಡ್ ಅಂದರೆ ಹಳೆಯ ಮನೆಯ ವೈರಿಂಗ್ ಇದ್ದ ಹಾಗೆ. ಒಂದು ಸ್ವಿಚ್ ಒತ್ತಿದರೆ ಯಾವ ಕೋಣೆಯ ದೀಪ ಹೊತ್ತುತ್ತದೋ ಹೇಳಲು ಬರುವುದಿಲ್ಲ. ಕಿಟಕಿ ಬರೆಯುವ ಭಾಗ ಬದಲಾಯಿಸಿದರೆ ಮೌಸ್ ಕೈಕೊಡುತ್ತಿತ್ತು. ಮೌಸ್ ಸರಿಹೋದರೆ ಬಣ್ಣ ಕಂಗೆಡುತ್ತಿತ್ತು. ಒಂದು ವಾರವಂತೂ ಪರದೆಯೆಲ್ಲ ತಲೆಕೆಳಗಾಗಿಯೇ ಬಂತು. "ಬಾವಿ ಗೋಪುರ ಆಯ್ತಲ್ಲ ಚಿಕ್ಕಪ್ಪ, ಮೇಲಿಂದ ಗಂಟೆ ಕಟ್ಟೋಣ್ವಾ?" ಎಂದು ಅತ್ತಿಗೆಯ ಮಗಳು ನಕ್ಕಳು.

ನಡುವೆ ಒಂದು ಸಣ್ಣ ತೊಡಕು ಎದುರಾಯಿತು. ಪರದೆಯ ಚಿತ್ರವೆಲ್ಲ ಸಾಸಿವೆಗಿಂತ ಸಣ್ಣ ಚುಕ್ಕಿಗಳಿಂದ ಆದದ್ದು; ಹೊಸ ಸಿಸ್ಟಂನಲ್ಲಿ ಗೋಡೆಯನ್ನು ಪೂರ್ತಿ ಚುಕ್ಕಿಯ ಮೇಲೆಯೇ ನಿಲ್ಲಿಸಬೇಕು. ಅಣ್ಣನ ಫೈಲುಗಳಲ್ಲಿ ಅಲ್ಲಲ್ಲಿ ಕೆಲವು ಗೋಡೆಗಳು ಅರ್ಧ ಚುಕ್ಕಿ ಬಲಕ್ಕೆ ಸರಿದು ನಿಂತಿದ್ದವು. ಬೆಸುಗೆ ಅದನ್ನು ಕಂಡು ಮೂಗು ಮುರಿದ. ಕೈ ನಡುಗಿ ಆದದ್ದಿರಬೇಕು, ಕೆಳಗಿನ ಗಾಳಿಯಂತ್ರದ ಪ್ರಸಾದವಿರಬೇಕು ಎಂದುಕೊಂಡ. ಅರ್ಧ ಚುಕ್ಕಿ ಯಾರ ಕಣ್ಣಿಗೆ ಬೀಳುತ್ತದೆ? ಫೈಲು ತೆರೆಯುವಾಗ ಅರ್ಧ ಬಂದಲ್ಲೆಲ್ಲ ಅದನ್ನು ಕತ್ತರಿಸಿ ಬಿಸಾಡು ಎಂದು ಒಂದು ಸಾಲು ಬರೆದ. ಎಡಿಟರ್ ಬಾಯಿ ಮುಚ್ಚಿಕೊಂಡು ಎದ್ದು ನಿಂತಿತು.

ಅವತ್ತು ಅವನ ಖುಷಿ ನೋಡಬೇಕಿತ್ತು. ಅರೆಬರೆ ಕೆಲಸ ಅವನ ಜಾಯಮಾನಕ್ಕೆ ಆಗಿಬರುವುದಿಲ್ಲ. ಇರುವ ಲೆವೆಲ್‌ಗಳನ್ನೆಲ್ಲ ಒಂದೊಂದಾಗಿ ತೆರೆದು, ನೋಡಿ, ಮುಚ್ಚಿದ. ಆಮೇಲೆ, ನಾಳೆ ಇದು ಕೆಟ್ಟರೆ ಬ್ಯಾಕಪ್ ಆದರೂ ನೆಟ್ಟಗಿದೆಯೇ ಎಂದು ಅನುಮಾನ ಬಂತು. ಬೀರುವಿನ ಡಿಸ್ಕ್ ತೆಗೆದು ಅದರಲ್ಲಿದ್ದವನ್ನೂ ತೆರೆದು, ನೋಡಿ, ಮುಚ್ಚಿದ. ಮನೆಯಲ್ಲಿಟ್ಟಿದ್ದ ಇನ್ನೊಂದು ಡಿಸ್ಕನ್ನೂ ತಂದು ಹಾಗೆಯೇ ಮಾಡಿದ. ಒಂದೂ ತಕರಾರು ಮಾಡಲಿಲ್ಲ.

ಮರುದಿನ ಮಧ್ಯಾಹ್ನ ಅತ್ತಿಗೆ ಬಂದು ಕೂತು ಬಾವಿಯನ್ನು ತೆರೆದಳು. ತೆರೆಯಿತು. ಅವಳು ಎರಡೂ ಕೈಯಿಂದ ಮೈದುನನ ಕಿವಿ ಹಿಡಿದು ಅಲ್ಲಾಡಿಸಿದಳು.

"ಭಲೇ ಬೆಸುಗೆ! ನಿಮ್ಮಣ್ಣ ಇದ್ದಿದ್ರೆ ಹೊಟ್ಟೆ ಉರ್ಕೊಳ್ತಿದ್ದ ಕಣೋ."

"ಕಿವಿ ಬಿಡಿ ಅತ್ತಿಗೆ, ಅದಕ್ಕೂ ಬೆಸುಗೆ ಹಾಕಬೇಕಾಗುತ್ತೆ."

"ಏಯ್, ಬಾರೇ ಇಲ್ಲಿ. ಆಡು ನೋಡೋಣ" ಎಂದು ಮಗಳನ್ನು ಕರೆದಳು.

ಬಾವಿಯ ಮೇಲಿನ ಕೆಲವು ಕಟ್ಟೆಗಳು ಮಗಳಿಗೆ ಅಂಗೈ ಗೆರೆಯಷ್ಟು ಪರಿಚಯ. ಅಪ್ಪನ ಸಂದುಗಳಲ್ಲಿ ಮೊದಲಿನ ಕೆಲವನ್ನು ಅವಳೂ ಕಂಡುಹಿಡಿದಿದ್ದಳು. ಚೆಂಡನ್ನು ಮೊದಲ ಕಟ್ಟೆಗೆ ಇಳಿಸಿ, ಎಡಗೋಡೆಗೆ ಒಯ್ದು ಒತ್ತಿದಳು.

ಟೊಕ್.

ಸ್ವಲ್ಪ ಮೇಲೆ ಒತ್ತಿದಳು. ಟೊಕ್. ಸ್ವಲ್ಪ ಕೆಳಗೆ. ಟೊಕ್.

"ಅಮ್ಮಾ, ಇಲ್ಲೇ ಅಲ್ವಾ ಇದ್ದಿದ್ದು?"

"ನನ್ನ ಕೇಳ್ಬೇಡ. ಹುಡುಕು."

"ಹುಡುಕೋದೇನು, ಇದು ನಂಗೊತ್ತಿರೋದು! ಅಪ್ಪನ ಮೊದಲನೇ ಸಂದು. ಕಣ್ಣು ಮುಚ್ಕೊಂಡು ಹೋಗ್ತಿದ್ದೆ."

ಅತ್ತಿಗೆ ಮಗಳನ್ನು ಕುರ್ಚಿಯಿಂದ ಎಬ್ಬಿಸಿ ತಾನೇ ಕೂತಳು. ಅವಳ ಬೆರಳಿಗೆ ಒತ್ತಬೇಕಾದ ಜಾಗ ಗೊತ್ತಿತ್ತು. ಗೋಡೆಗೆ ಗೊತ್ತಿರಲಿಲ್ಲ. ಟೊಕ್, ಟೊಕ್, ಟೊಕ್. ಕೋಣೆಯಲ್ಲಿ ಅದೊಂದೇ ಸದ್ದು. ಸ್ವಲ್ಪ ಹೊತ್ತಿನ ಮೇಲೆ ಅವಳು ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ಗೋಡೆಗೇನಾದ್ರೂ ಮಾಡಿದೀಯಾ?" ಎಂದು ಬೆಸುಗೆಯನ್ನು ಕೇಳಿದಳು.

"ಗೋಡೆಗೆ ಏನೂ ಮಾಡಿಲ್ಲ. ಕೆಲವು ಅರ್ಧ ಚುಕ್ಕಿ ಆಚೀಚೆ ಇದ್ವು. ಸಾಲಾಗಿ ನಿಲ್ಲಿಸ್ದೆ, ಅಷ್ಟೇ."

ಅತ್ತಿಗೆ ಅವನ ಮುಖವನ್ನೇ ನೋಡಿದಳು. ಬೈಗುಳ ಬರುತ್ತದೆಂದು ಬೆಸುಗೆ ಕಾದ. ಬರಲಿಲ್ಲ. ಬಂದಿದ್ದರೆ ಎಷ್ಟೋ ವಾಸಿಯಿತ್ತು.

"ಆ ಅರ್ಧ ಚುಕ್ಕೀನೇ ಕಣೋ ಸಂದು" ಎಂದಳು.

ಮೊದಲು ಅವನಿಗೆ ತಲೆಗೆ ಹೋಗಲಿಲ್ಲ. ಹೋದ ಕೂಡಲೇ ಕುರ್ಚಿ ಮುಂದಕ್ಕೆ ಎಳೆದುಕೊಂಡ. ಅವನು ಬೆಸುಗೆಯಲ್ಲವೇ, ಕೈ ಆಗಲೇ ಕೀಬೋರ್ಡಿನ ಕಡೆ ಹೋಯಿತು. "ತಡೀರಿ, ತಡೀರಿ. ಇಡೀ ಆಟಾನೇ ಎರಡರಷ್ಟು ಹಿಗ್ಗಿಸಿಬಿಟ್ರೆ ಅರ್ಧ ಅನ್ನೋದು ಒಂದಾಗುತ್ತೆ. ಮಾಡಬಹುದು. ಒಂದು ವಾರದ ಕೆಲಸ. ಬ್ಯಾಕಪ್ಪಿಂದ ಹಳೇದನ್ನ ತಗೊಂಡು..."

ಅವನು ಬೀರುವಿನ ಕಡೆ ತಿರುಗಿ ನೋಡಿದ.

"ತಗೊಂಡು?" ಎಂದಳು ಮಗಳು.

ಒಮ್ಮೆ ಕರೆಂಟು ಹೋಗಿ ಅತ್ತಿಗೆಯ ಇಡೀ ದಿನದ ಕೆಲಸ ನೀರಿನಲ್ಲಿ ಹೋಮವಾಗಿತ್ತು. ಅವಳು ಭೂಮಿ ಆಕಾಶ ಒಂದು ಮಾಡಿದ್ದಳು. ಆವತ್ತೇ ಅಣ್ಣ, ಮುಚ್ಚುವಾಗ ಕೇಳದೆಯೇ ಸೇವ್ ಆಗುವಂತೆ ಎಡಿಟರನ್ನು ತಿದ್ದಿದ್ದ. ತೆರೆದದ್ದು ಹೇಗೆ ಕಾಣುತ್ತದೋ ಹಾಗೆಯೇ ಫೈಲಿಗೆ ಇಳಿದುಬಿಡುತ್ತದೆ. ಇದು ಬೆಸುಗೆಗೆ ತನ್ನ ಹೆಸರಿನಷ್ಟೇ ಚೆನ್ನಾಗಿ ಗೊತ್ತಿತ್ತು. ಅದರಿಂದೇನು? ತೆರೆದು, ನೋಡಿ, ಮುಚ್ಚಿದ್ದ.

"ಎಲ್ಲಾನೂ ತೆರೆದು ನೋಡ್ಬಿಟ್ಟೆ" ಎಂದ. "ಸರಿಯಾಗಿದೆಯಾ ಅಂತ."

"ಬೀರೂದು?" ಎಂದಳು ಅತ್ತಿಗೆ.

"ಅದೂ."

"ಮನೇದು?"

ಅವನು ಅದೂ ಹೌದೆಂದು ತಲೆಯಾಡಿಸಿದ. ಆನ್‌ಲೈನಿನಲ್ಲಿ ಇದೆಯೇ ಎಂದು ಯಾರೂ ಕೇಳಲಿಲ್ಲ. ಸಂದು ಸೋರಿಹೋಗುತ್ತದೆಂದು ಬಾವಿಯನ್ನು ಹೊಸ್ತಿಲು ದಾಟಲು ಅತ್ತಿಗೆ ಬಿಟ್ಟಿರಲೇ ಇಲ್ಲ.

"ಅತ್ತಿಗೆ, ನಿಮಗೆ ನೆನಪಿರುತ್ತಲ್ಲ. ನೀವು ಹೇಳ್ತಾ ಹೋಗಿ, ನಾನು ಒಂದೊಂದೇ ಗೋಡೆ ಸರಿಸ್ತೀನಿ."

"ನಂದು ಅಷ್ಟೋ ಇಷ್ಟೋ ನೆನಪಿದೆ. ಮರೀಲಿ ಅಂತಾನೇ ಇಡ್ತಿದ್ದೆ ಕಣೋ, ಆಮೇಲೆ ನಾನೂ ಆಡಬೇಕಲ್ಲ." ಶಾಲನ್ನು ಎಳೆದು ಹೊದ್ದುಕೊಂಡಳು. "ಅವನದ್ದು ಮೊದಲಿನ ಒಂದೆರಡು ಬಿಟ್ರೆ ನೆನಪಿಟ್ಟುಕೊಂಡಿರ್ಲಿಲ್ಲ. ಸಿಕ್ಕಿದ ಮೇಲೆ ಮುಂದಕ್ಕೆ ಹೋಗ್ತಿದ್ದೆ. ಅಲ್ಲೇ ಇರುತ್ತಲ್ಲ, ಎಲ್ಲಿಗೆ ಹೋಗುತ್ತೆ ಅಂತ."

ಬೆಸುಗೆ ಕೀಬೋರ್ಡನ್ನು ಅತ್ತಿಗೆಯ ಕಡೆ ಸರಿಸಿದ. "ನೀವೇ ಹೊಸದಾಗಿ ಬಿಡಿ ಸಂದುಗಳನ್ನ. ಬಾವಿ ಅಂತೂ ಇದೆಯಲ್ಲ."

"ಅವನ ಗೋಡೇಲಿ ನಾನು ಸಂದು ಬಿಟ್ಟು, ಅದನ್ನ ನಾನೇ ಹುಡುಕ್ಲಾ?" ಅತ್ತಿಗೆ ನಕ್ಕಳು. ಚಪ್ಪಲಿ ಮೆಟ್ಟಿಕೊಂಡು, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು ಇಳಿದು ಹೋದಳು. ಕೆಳಗೆ ಟೈರಿನವನು ಏನೋ ತಮಾಷೆ ಮಾಡಿದ್ದು, ಇವಳು ಉತ್ತರ ಕೊಡದೆ ಹೋದದ್ದು ಮೇಲಕ್ಕೆ ಕೇಳಿಸಿತು. ಅವಳು ಉತ್ತರ ಕೊಡದೆ ಹೋದದ್ದನ್ನು ಬೆಸುಗೆ ಇದುವರೆಗೆ ಕೇಳಿರಲಿಲ್ಲ.

ಮುಂದಿನ ವಾರ ಸಿಸ್ಟಂನವರಿಂದ ಸಂದೇಶ ಬಂತು. ನಿಮ್ಮ ಎಡಿಟರನ್ನೂ ಆಟವನ್ನೂ ತಪಾಸಣೆ ಮಾಡಿದ್ದೇವೆ, ಯಾವ ದೋಷವೂ ಕಂಡುಬಂದಿಲ್ಲ, ಮಳಿಗೆಯಲ್ಲಿ ಮುಂದುವರಿಯಬಹುದು ಎಂದಿತ್ತು. ಅತ್ತಿಗೆಯ ಮಗಳು ಅದನ್ನು ಗಟ್ಟಿಯಾಗಿ ಓದಿ, ಲೋಟ ತೊಳೆಯಲು ಎದ್ದು ಹೋದಳು. ಅತ್ತಿಗೆ ಆ ವಾರ ಬಂದಿರಲಿಲ್ಲ. ಫೋನ್ ಮಾಡಿದರೆ, ಮಂಡಿನೋವು, ಬರ್ತೀನಿ ಬಿಡು ಎನ್ನುತ್ತಿದ್ದಳು.

ಲೋಟ ಒರೆಸುತ್ತಾ ಮಗಳು ವಾಪಸು ಬಂದಾಗ ಬೆಸುಗೆ ಬಾವಿಯನ್ನು ತೆರೆದುಕೊಂಡು ಕೂತಿದ್ದ. ಕತ್ತರಿಸುವಾಗ ಎಲ್ಲಾದರೂ ಒಂದು ಅರ್ಧ ತಪ್ಪಿ ಉಳಿದಿದ್ದರೆ ಎಂಬ ಆಸೆ ಅವನಿಗೆ. ಉಳಿದಿರಲು ಸಾಧ್ಯವೇ ಇಲ್ಲ. ಆ ಸಾಲು ಬರೆದವನು ಅವನೇ, ಮತ್ತು ಅವನು ಅರೆಬರೆ ಕೆಲಸ ಮಾಡುವವನಲ್ಲ. ಚೆಂಡು ಮೊದಲ ಕಟ್ಟೆಯನ್ನೂ ತಲುಪದೆ ಮೇಲೆಯೇ ಪುಟಿಯುತ್ತಿತ್ತು.

"ಚಿಕ್ಕಪ್ಪ, ಆ ಕೀ ಅಲ್ಲ" ಎಂದಳು ಅವಳು. "ಇಳಿಯೋದಕ್ಕೆ ಇದು. ಒತ್ತಿ ಹಿಡಿಯೋದಕ್ಕೆ ಇದು."

"ಎಷ್ಟು ಹೊತ್ತು ಹಿಡೀಬೇಕು?"

"ಸಂದು ಇದ್ರೆ ನಿಮಗೇ ಗೊತ್ತಾಗುತ್ತೆ."

ಅವನು ಚೆಂಡನ್ನು ಎಡಗೋಡೆಗೆ ಒಯ್ದು, ಎಲ್ಲಕ್ಕಿಂತ ಮೇಲಿನಿಂದ ಶುರು ಮಾಡಿ, ಒತ್ತಿ ಹಿಡಿದ.