ಮನೆಯಬಾದ ಮುಂದೆ ಇಳಿಯದೆ ಹೋದ ದಿನ

ನನ್ನ ಬೈಕಿನಷ್ಟು ಸಣ್ಣ ಬೈಕು ಇಡೀ ಕಿರಿಬಾಸ್ ದ್ವೀಪಗಳಲ್ಲಿ ಇನ್ನೊಂದಿರಲಿಲ್ಲ; ಅದರಷ್ಟು ದೊಡ್ಡ ಗಂಟಲಿನದೂ ಇರಲಿಲ್ಲ. ಅದು ಒಮ್ಮೆ ಕೆಮ್ಮಿದರೆ ತೆಂಗಿನ ಮರದ ಮೇಲಿನ ಏಡಿಗಳು ಕೈಬಿಟ್ಟು ಕೆಳಗೆ ಬೀಳುತ್ತಿದ್ದವು. ಕೆಮ್ಮಿಸುವುದೇ ಕಷ್ಟ. ಕಿಕ್ ಮುರಿದು ಯಾವ ಕಾಲವಾಗಿತ್ತೋ. ತಳ್ಳಿಕೊಂಡು ಓಡಬೇಕು, ಓಡುತ್ತಲೇ ಹಾರಿ ಕೂರಬೇಕು. ನಾನು ಹಾರುವ ಚೆಂದ ನೋಡಲು ಪಕ್ಕದ ದ್ವೀಪದವರು ದೋಣಿ ಕಟ್ಟಿಕೊಂಡು ಬರುತ್ತಿದ್ದರು.

ಆಗ ನನಗೆ ಮದುವೆಯಾದ ಹೊಸತು. ಹೆಂಡತಿ ತಿರೋಯಾ ಟರಾವಾ ಪೇಟೆಯವಳು. ನಮ್ಮ ದ್ವೀಪದ ತೆಂಕಣ ತುದಿ ನೋಡಬೇಕೆಂದು ಆಸೆಪಟ್ಟಳು. ಅಲ್ಲಿಗೆ ಹೋಗಬೇಕಾದರೆ ನಡುವೆ ಕಂಡಿ ದಾಟಬೇಕು. ಇಳಿತದ ಹೊತ್ತಿಗೆ ಅದು ಬರೀ ಒದ್ದೆ ಮರಳು. ಕೋಳಿಮರಿಯೂ ನಡೆದುಕೊಂಡು ಹೋದೀತು. ಉಬ್ಬರದಲ್ಲಿ ದ್ವೀಪ ಬಳಸಿದ ಒಳಗಡಲಿಗೂ ಹೊರಗಡಲಿಗೂ ನಡುವಿನ ಬಾಗಿಲು ತೆರೆದಂತೆ ನೀರು ನುಗ್ಗುತ್ತದೆ.

ಅತ್ತೆ ಕಾಬುಟಿ ಮಗಳನ್ನು ನೋಡಲು ಬಂದಿದ್ದಳು. ಅವಳ ಹಿರಿಯ ಮಗ ನೀರಿನಲ್ಲಿ ಹೋದವನು. ಆಮೇಲೆ ಅವಳು ತಿರೋಯಾಳನ್ನು ಮೊಣಕಾಲಿಗಿಂತ ಆಳಕ್ಕೆ ಬಿಟ್ಟಿರಲಿಲ್ಲ. ಕಡಲ ನಡುವೆ ಹುಟ್ಟಿಯೂ ನನ್ನ ಹೆಂಡತಿಗೆ ಈಜು ಬರುತ್ತಿರಲಿಲ್ಲ.

"ಬೆಳಕಿರುವಾಗ್ಲೇ ಇವಳನ್ನ ನನ್ನ ಕಣ್ಣೆದುರು ತಂದು ಇಳಿಸ್ಬೇಕು," ಎಂದಳು ಅತ್ತೆ. "ನಂಗೆ ಇನ್ನೊಂದು ಮಗು ಇಲ್ಲ."

"ನೀವು ಅಕ್ಕಿ ತೊಳ್ದು ಒಲೆ ಮೇಲಿಡೋದ್ರೊಳಗೆ ಬಂದಿರ್ತೀವಿ ಅತ್ತೆ."

"ಮೊನ್ನೆ ಮೀನು ತರ್ತೀನಿ ಅಂತ ಹೋದಾಗ್ಲೂ ಇದೇ ಮಾತು. ಮಾರನೇ ದಿನ ಬಂದೆ, ಬರಿಗೈಲಿ."

"ತಿಮಿಂಗಿಲ ಸಿಕ್ಕಿತ್ತು ಅತ್ತೆ. ಪಾಪ ಅಂತ ಬಿಟ್ಟೆ."

ಕಂಡಿಯನ್ನು ಗಾಳಿಯಂತೆ ದಾಟಿದೆವು. ಆಚೆ ದಡ ಹತ್ತಿದ ಕೂಡಲೇ ಅಲ್ಲಿನ ಹಿರಿಯ ಕಾಬೂವಾ ಅಜ್ಜನ ಊರು, ದಾರಿಗೆ ತಾಗಿಕೊಂಡೇ ಊರಿನ ಮನೆಯಬಾ. ಕೇದಗೆಯ ಜಾತಿಯ ಮುಂಡುಕದ ಎಲೆ ಹೊದಿಸಿದ ಆ ದೊಡ್ಡ ಮಾಡು ನೆಲಕ್ಕೆ ಬಾಗಿರುತ್ತದೆ. ಒಳಗೆ ಹಿರಿಯರು ಚಾಪೆಯ ಮೇಲೆ ಕೂತು ಊರಿನ ನ್ಯಾಯ ಹೇಳುತ್ತಾರೆ. ಅದರ ಮುಂದೆ ಯಾರೂ ಗಾಡಿಯ ಮೇಲೆ ಕೂತು ಹೋಗುವುದಿಲ್ಲ. ಇಳಿಯಬೇಕು, ಎಂಜಿನ್ ಆರಿಸಬೇಕು, ತಲೆ ತಗ್ಗಿಸಿ ತಳ್ಳಿಕೊಂಡು ನಡೆಯಬೇಕು. ಹೀಗೆ ಇಳಿಯದೆ ಹೋದ ಒಬ್ಬನ ಹಂದಿಯನ್ನು ಆ ಊರಿನವರು ಅವನ ಕಣ್ಣೆದುರೇ ಸುಟ್ಟು ತಿಂದರಂತೆ. ಹಂದಿಯಿಲ್ಲದ ಇನ್ನೊಬ್ಬನ ಕಿವಿಯೇ ಹೋಯಿತಂತೆ. ಕಳ್ಳು ಇಳಿಸುವ ಕತ್ತಿ ಅವರ ಸೊಂಟ ಬಿಟ್ಟು ಕದಲುವುದಿಲ್ಲ. ಕೂಸುಗಳೂ ಕತ್ತಿ ಹಿಡಿದೇ ಹುಟ್ಟುತ್ತವೆ ಎಂದು ನಮ್ಮ ಕಡೆ ಮಾತು.

ಬೆಳಿಗ್ಗೆ ನಾನು ಮರ್ಯಾದೆಯಾಗಿ ಇಳಿದೆ. ಕಾಬೂವಾ ಅಜ್ಜ ಒಳಗಿನಿಂದಲೇ ನೋಡಿದ.

"ಯಾರ ಮಗ ನೀನು?"

ಅಪ್ಪನ ಹೆಸರು ಹೇಳಿದೆ.

"ಓ, ಆ ಸುಳ್ಳನ ಮಗನಾ? ಹೋಗು ಹೋಗು. ಹುಡುಗಿ ಪಾಪ, ಒಳ್ಳೆಯವಳ ಹಾಗೆ ಕಾಣ್ತಾಳೆ."

ತಿರೋಯಾ ತುದಿ ಮುಟ್ಟುವವರೆಗೂ ನಗುತ್ತಲೇ ಇದ್ದಳು.

ಆ ದಾರಿಯನ್ನು ನಾನು ಹೊಗಳಬೇಕಾಗಿಲ್ಲ. ಕೆಸುವಿನ ಹೊಂಡಗಳ ಅಂಚಿನಲ್ಲಿ, ಆನೆಯ ಕಿವಿಯಂಥ ಎಲೆಗಳ ಕೆಳಗೆ ಬೈಕು ನುಸುಳಿತು. ತುದಿಯಲ್ಲಿ ಎರಡು ಕಡಲು ಸೇರುವ ಕಡೆ ಬಿಳಿ ಮರಳಿನ ನಾಲಿಗೆ. ಅದರ ಮೇಲೆ ನಡೆದು ಅವಳು ಚಿಪ್ಪು ಆರಿಸಿದಳು. ಒಣಮೀನು, ಎಳನೀರು ಮುಗಿಸಿ ನೆರಳಿನಲ್ಲಿ ಕೂತೆವು. ನಾನು ಶಾರ್ಕಿನ ಮೂಗು ಹಿಂಡಿದ ಕಥೆ ಶುರುಮಾಡಿದೆ. ಅದು ಒಳ್ಳೆಯ ಕಥೆ. ಪ್ರತಿ ಸಲ ಶಾರ್ಕು ಒಂದು ಮೊಳ ಬೆಳೆಯುತ್ತದೆ.

"ಬಿರಿಬೋ," ಎಂದಳು ತಿರೋಯಾ ನಡುವೆ. "ನಾವು ನಡೆದ ಮರಳು ಎಲ್ಲಿ?"

ನೋಡಿದೆ. ಬಿಳಿ ನಾಲಿಗೆ ಇರಲಿಲ್ಲ. ಅದು ಇದ್ದ ಕಡೆ ನೀರು, ಸದ್ದಿಲ್ಲದೆ, ಬೆಕ್ಕು ಹಾಲಿಗೆ ಬಂದಂತೆ ಬರುತ್ತಿತ್ತು. ಹಿಂದಿನ ರಾತ್ರಿ ಹುಣ್ಣಿಮೆ ಎಂಬುದು ಆಗ ನೆನಪಾಯಿತು. ಹುಣ್ಣಿಮೆಯ ಉಬ್ಬರ ಉಳಿದ ದಿನದಂತಲ್ಲ.

ಬೈಕು ಮೂರು ಸಲ ತಳ್ಳಿಸಿಕೊಂಡು ನಾಲ್ಕನೆಯದಕ್ಕೆ ಕೆಮ್ಮಿತು. ಅಷ್ಟು ವೇಗವಾಗಿ ಆ ದಾರಿಯಲ್ಲಿ ಯಾರೂ ಹೋಗಿಲ್ಲ. ನಮ್ಮ ನೆರಳು ಹಿಂದೆ ಬಿದ್ದು ಕೂಗಿ ಕರೆಯುತ್ತಿತ್ತು. ಆದರೆ ಮರಗಳ ಸಂದಿನಲ್ಲಿ ಒಳಗಡಲು ಕಂಡಾಗಲೆಲ್ಲ ಮೊದಲಿಗಿಂತ ಹತ್ತಿರವಿತ್ತು. ತಿರೋಯಾಳ ಬೆರಳು ನನ್ನ ಅಂಗಿಯನ್ನಲ್ಲ, ಅದರೊಳಗಿನ ಚರ್ಮವನ್ನೇ ಹಿಡಿದಿದ್ದವು.

ಮನೆಯಬಾ ಕಂಡಿತು. ಹಿರಿಯರು ಕೂತಿದ್ದರು. ಅದರಾಚೆ ಕಂಡಿ, ಅದರಾಚೆ ದಡದಲ್ಲಿ ಕಪ್ಪು ಚುಕ್ಕೆಯಂತೆ ಅತ್ತೆ.

"ಇಳಿ," ಎಂದಳು ತಿರೋಯಾ.

"ಇಳಿದ್ರೆ ಇದು ಮತ್ತೆ ಚಾಲೂ ಆಗಲ್ಲ. ಅಷ್ಟರಲ್ಲಿ ಕಂಡಿ ಮುಚ್ಚುತ್ತೆ."

"ಇವತ್ತು ಇಲ್ಲೇ ಇರೋಣ."

"ಅಲ್ಲಿ ನಿಮ್ಮಮ್ಮ ನೀರಲ್ಲಿ ನಿಂತಿದಾಳೆ ನೋಡು."

ಅವಳು ನೋಡಿದಳು. ನಾನು ಇಳಿಯಲಿಲ್ಲ. ತಲೆ ಮಾತ್ರ ತಗ್ಗಿಸಿ, ಎಕ್ಸಿಲರೇಟರ್ ಪೂರ್ತಿ ತಿರುಗಿಸಿ ಮನೆಯಬಾದ ಮುಂದೆ ಹಾದುಹೋದೆ.

ಹಿಂದಿನಿಂದ ಕೂಗೆದ್ದಿತು. ತಿರುಗಿ ನೋಡಿದರೆ ಕೋಲಿಲ್ಲದೆ ಏಳಲಾಗದ ಕಾಬೂವಾ ಅಜ್ಜ ಕೋಲನ್ನು ಆಕಾಶಕ್ಕೆ ಬೀಸುತ್ತ ಓಡಿಬರುತ್ತಿದ್ದ. ತೆಂಗಿನ ಮರಗಳಿಂದ ಗಂಡಸರು ಜಾರಿ ಇಳಿಯುತ್ತಿದ್ದರು. ಒಬ್ಬೊಬ್ಬರ ಕೈಯಲ್ಲೂ ಕತ್ತಿ. ನನ್ನ ಎರಡೂ ಕಿವಿ ತಣ್ಣಗಾದವು. ನೀರಿಗೆ ನುಗ್ಗಿಸಿದೆ.

ಮೊದಲು ಚಕ್ರ ಮುಳುಗಿತು, ಆಮೇಲೆ ಸದ್ದು. ಅಷ್ಟು ದೊಡ್ಡ ಗಂಟಲು ಒಂದೇ ಗುಟುಕಿಗೆ ನಿಂತುಹೋಯಿತು. ಉಳಿದದ್ದು ನೀರಿನ ಸದ್ದು. ಸೆಳೆತ ನಮ್ಮನ್ನು ಅಡ್ಡ ಕೆಡವಿತು. ಎದ್ದು ನಿಂತಾಗ ನೀರು ನನ್ನ ಎದೆಗೆ, ಅವಳ ಗಲ್ಲಕ್ಕೆ.

"ಹಿಂದೆ ಹೋಗು."

"ಹಿಂದೆ ಕತ್ತಿ ಇದೆ."

"ಬಿರಿಬೋ, ನನ್ನ ಕಾಲು ಬರ್ತಿಲ್ಲ."

ಅವಳು ಉಟ್ಟ ಬಟ್ಟೆಯ ಸೆರಗು ಬೈಕಿನ ಚೈನಿಗೆ ಸಿಕ್ಕಿತ್ತು. ಸೆಳೆತ ಬೈಕನ್ನು ಎಳೆಯುತ್ತಿತ್ತು, ಬೈಕು ಅವಳನ್ನು. ನಾನು ಮುಳುಗಿ ಎಳೆದೆ. ಊರಿಗೇ ಬಲಶಾಲಿ ನಾನು, ನಿಂತ ಹಡಗನ್ನು ಹಲ್ಲಿನಲ್ಲಿ ಎಳೆದವನು. ಆ ಬಟ್ಟೆ ಹರಿಯಲಿಲ್ಲ. ಮೇಲೆ ಬಂದಾಗ ಅವಳ ಬಾಯಿ ನೀರಿನ ಮಟ್ಟದಲ್ಲಿತ್ತು. ಕಣ್ಣು ನನ್ನನ್ನು ನೋಡುತ್ತಿರಲಿಲ್ಲ, ಆಚೆ ದಡ ನೋಡುತ್ತಿದ್ದವು.

ಅಷ್ಟರಲ್ಲಿ ಅವರು ಬಂದರು, ಒಬ್ಬರ ಕೈ ಒಬ್ಬರು ಹಿಡಿದು ಸರಪಣಿಯಂತೆ. ಮುಂದಿನವನ ಹಲ್ಲಿನ ನಡುವೆ ಕತ್ತಿ. ನಾನು ಅಡ್ಡ ಬಂದೆ. ಅವನು ನನ್ನ ಮುಖಕ್ಕೆ ಕೈಯಿಟ್ಟು ಪಕ್ಕಕ್ಕೆ ತಳ್ಳಿ, ಕತ್ತಿ ಕೈಗೆ ತೆಗೆದುಕೊಂಡು, ನನ್ನ ಹೆಂಡತಿಯ ಕಾಲಿನ ಕಡೆ ಮುಳುಗಿದ.

ನನ್ನ ಆಯುಸ್ಸಿನಲ್ಲಿ ಅಷ್ಟು ಉದ್ದದ ಹೊತ್ತು ಇನ್ನೊಂದಿಲ್ಲ. ಇದರಲ್ಲಿ ಉತ್ಪ್ರೇಕ್ಷೆ ಇಲ್ಲ. ನೀರು ಕೆಂಪಾಗುತ್ತದೆಂದು ಕಾದೆ. ಆಗಲಿಲ್ಲ. ಬಟ್ಟೆ ಕತ್ತರಿಸಿಹೋಗಿ ತಿರೋಯಾ ಬೆಂಡಿನಂತೆ ಮೇಲೆದ್ದಳು. ನನ್ನ ಬೈಕು ಸೆಳೆತದೊಂದಿಗೆ ಹೋಯಿತು.

ನಮ್ಮನ್ನು ದಡಕ್ಕೆ ಎಳೆದು ತಂದು, ಮನೆಯಬಾದೊಳಗೆ ಅವಳಿಗೆ ಚಾಪೆ ಸುತ್ತಿ ಬಿಸಿ ಬೆಲ್ಲದ ನೀರು ಕೊಟ್ಟರು. ಕಾಬೂವಾ ಅಜ್ಜ ಇನ್ನೂ ಏದುತ್ತಿದ್ದ.

"ಕಂಡಿ ನಡುವಿನ ಆ ಕರಿಕಲ್ಲು ಮುಳುಗಿದ ಮೇಲೆ ಇಲ್ಲಿ ಯಾರೂ ನೀರಿಗೆ ಇಳಿಯಲ್ಲ. ಅದನ್ನೇ ಕೂಗಿದ್ದು. ನಿನ್ನ ಬೈಕಿನ ಗಲಾಟೇಲಿ ಏನ್ ಕೇಳುತ್ತೆ? ಇಳಿದು ಎಂಜಿನ್ ಆರಿಸಿದ್ರೆ ಪಿಸುಮಾತಲ್ಲಿ ಹೇಳ್ತಿದ್ದೆ. ಯಾಕೆ ಇಳೀಲಿಲ್ಲ?"

"ಬ್ರೇಕ್ ಹಿಡೀಲಿಲ್ಲ ಅಜ್ಜ."

"ಅದಕ್ಕೆ ಬ್ರೇಕ್ ಬೇರೆ ಇತ್ತಾ?"

ಎಲ್ಲರೂ ನಕ್ಕರು. ತಿರೋಯಾ ನಗಲಿಲ್ಲ. ಬಟ್ಟಲು ಕೆಳಗಿಟ್ಟು ಎದ್ದಳು. "ಅಮ್ಮ ನಾನು ಮುಳುಗಿದ್ದನ್ನ ನೋಡಿದಾಳೆ. ಮೇಲೆ ಬಂದಿದ್ದು ಕಂಡಿದೆಯೋ ಇಲ್ವೋ."

ಆ ಕಂಡಿಯ ಮೇಲೆ ಕೂಗು ದಾಟುವುದಿಲ್ಲ; ಗಾಳಿ ತಿಂದುಬಿಡುತ್ತದೆ. ಒಣ ತೆಂಗಿನ ಗರಿಗೆ ಬೆಂಕಿ ಹಚ್ಚಿ ಅವಳ ಕೈಗೆ ಕೊಟ್ಟರು. ಅವಳು ದಡದಲ್ಲಿ ನಿಂತು ಬೀಸಿದಳು. ನನ್ನ ತೋಳಿಗೆ ಒರಗಲಿಲ್ಲ. ನಾನೂ ಒಂದು ಗರಿ ಹಿಡಿದು ಸೂರ್ಯನಿಗೇ ಕಣ್ಣು ಕುಕ್ಕುವ ಹಾಗೆ ಬೀಸಿದೆ.

ಆಚೆ ದಡದ ಚುಕ್ಕೆ ಸೊಂಟದವರೆಗೆ ನೀರಿನಲ್ಲಿತ್ತು. ಗರಿಯ ಮೇಲೆ ಗರಿ ಸುಟ್ಟೆವು. ಕತ್ತಲು ಕವಿದು ಕಣ್ಣಿಗೆ ಕಾಣದಾಗುವವರೆಗೂ ಅದು ಒಂದು ಹೆಜ್ಜೆಯೂ ಹಿಂದೆ ಸರಿದದ್ದನ್ನು ನಾವು ನೋಡಲಿಲ್ಲ.