ಏಳನೆಯ ಗೂಟದ ದೇವರು

‘ಸರ್ವೇ ಜನಾಃ ಸುಖಿನೋ ಭವಂತು’ ಎಂದು ಹರಸಿದ ಹಿರಿಯರು ಸರ್ವೇ ಕ್ಯಾಂಪಿಗೆ ಹೋದವರಲ್ಲ. ಹೋಗಿದ್ದರೆ ಸರ್ವೇ ಜನರಿಗೆ ಸುಖ ಎಲ್ಲಿಯದು ಎಂದು ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು. ಮಲಕಪ್ಪ ಇದನ್ನು ಅನುಭವದಿಂದಲೇ ಹೇಳಬಲ್ಲವನಾಗಿದ್ದ. ಪುಣೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಅವನು ಸರ್ವೇ ವಿಷಯದಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದ. ಮೂರನೆಯ ಸಲವೂ ಹೊಡೆದರೆ ಕಾಲೇಜಿನಿಂದ ಹೆಸರು ತೆಗೆದುಹಾಕುತ್ತಿದ್ದರು. ಗದಗಿನಲ್ಲಿ ಅವನ ಅಪ್ಪ ತನ್ನ ಹತ್ತಿ ಅಂಗಡಿಯಲ್ಲಿ ಮಗ ಕೂರಲೆಂದು ಒಂದು ಗಾದಿಯನ್ನು ಆಗಲೇ ಹೊಲಿಸಿಟ್ಟಿದ್ದ. ಆ ಮೆತ್ತನೆಯ ಗಾದಿ ನೆನಪಾದಾಗಲೆಲ್ಲ ಮಲಕಪ್ಪನಿಗೆ ಮುಳ್ಳು ಚುಚ್ಚಿದಂತಾಗುತ್ತಿತ್ತು.

೧೯೩೪ರ ಡಿಸೆಂಬರಿನಲ್ಲಿ ಪುಣೆಯ ಹತ್ತಿರದ ಕಾತ್ರಜ ಎಂಬ ಊರಿನ ಕೆರೆಯ ಪಕ್ಕದಲ್ಲಿ ಹತ್ತು ದಿನದ ಕ್ಯಾಂಪು ಬಿತ್ತು. ನಾಲ್ಕು ಹುಡುಗರಿಗೆ ಒಂದು ಪಾರ್ಟಿ. ನಾಲ್ವರಿಗೂ ಸೇರಿ ಒಂದೇ ನಕಾಶೆ, ಒಂದೇ ಮಾರ್ಕು. ತೇಲಿದರೂ ಕೂಡಿಯೇ, ಮುಳುಗಿದರೂ ಕೂಡಿಯೇ. ಕೆರೆ ಹೇಗೂ ಪಕ್ಕದಲ್ಲೇ ಇತ್ತು.

ಹಳಬ ಎಂಬ ಕಾರಣಕ್ಕೆ ಮಲಕಪ್ಪ ಪಾರ್ಟಿಯ ಮುಖಂಡನಾದ. ಊರಿನ ಇಳಿಜಾರಿನಲ್ಲಿ ಅಲ್ಲಲ್ಲಿ ಗೂಟ ಹೊಡೆದು, ಕೆರೆಯ ಕಟ್ಟೆಯ ಕಲ್ಲಿಗಿಂತ ಯಾವ ಗೂಟ ಎಷ್ಟು ಎತ್ತರದಲ್ಲಿದೆ ಎಂದು ಅಳೆಯುವುದು ಅವರ ಪಾಲಿನ ಕೆಲಸ. ದುರ್ಬೀನು ಹಚ್ಚಿದ ಯಂತ್ರದಲ್ಲಿ ನೋಡುವ ಘನವಾದ ಕೆಲಸವನ್ನು ಮಲಕಪ್ಪ ತಾನೇ ಇಟ್ಟುಕೊಂಡ. ಪುಣೆಯ ಸದಾಶಿವ ಪೇಠದ ಭಟ್ಟರ ಮಗ ಏಕನಾಥನಿಗೆ ಅಕ್ಷರ ಚಂದವೆಂದು ಪುಸ್ತಕದಲ್ಲಿ ಬರೆಯುವ ಕೆಲಸ. ಬೈಲಹೊಂಗಲದ ಶಿವಪುತ್ರಪ್ಪ ಗಟ್ಟಿ ಆಳಾದ್ದರಿಂದ ಆಳೆತ್ತರದ ಎರಡರಷ್ಟಿದ್ದ ಅಳತೆಗೋಲನ್ನು ಗೂಟದ ತಲೆಯ ಮೇಲೆ ಇಟ್ಟು, ನೆಟ್ಟಗೆ ಹಿಡಿದು ನಿಲ್ಲುವವನಾದ. ಬೆಳಗಾವಿಯ ಮಾರ್ತಾಂಡನಿಗೆ ಗೂಟ ಬಡಿಯುವ ಕೆಲಸ ಸಿಕ್ಕಿತು. ಅವನು ಗೂಟ ಬಡಿದು ಅದರ ಪಕ್ಕದಲ್ಲೇ ಮಲಗಿಬಿಡುತ್ತಿದ್ದ. ಗೂಟ ಕಾಣದಿದ್ದರೆ ಮಾರ್ತಾಂಡನನ್ನು ಹುಡುಕಿದರೆ ಸಾಕಾಗುತ್ತಿತ್ತು.

ಹಳೆಯ ಯಂತ್ರದ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತಿತ್ತು. ಹೀಗಾಗಿ ಮಲಕಪ್ಪ ದಿನವಿಡೀ ಶಿವಪುತ್ರಪ್ಪನನ್ನು ಬಾವಲಿಯಂತೆ ನೇತಾಡುವ ಸ್ಥಿತಿಯಲ್ಲೇ ನೋಡಿದ. ಕೋಲು ತುಸು ವಾಲಿದರೂ ಮಲಕಪ್ಪ ಒಂದು ಕೈ ಸೊಂಟಕ್ಕಿಟ್ಟು, ಗದ್ದ ಮೇಲೆತ್ತಿ, ಮೂಗಿನಿಂದ ಕೂಗುತ್ತಿದ್ದ. ಸಂಜೆ ಡೇರೆಯಲ್ಲಿ ಎಲ್ಲರ ಅಣಕು ಮಾಡಿ ನಗಿಸುವುದೂ ಅವನೇ. ಪ್ರೊಫೆಸರರ ಕೆಮ್ಮು, ಏಕನಾಥನ ಪೆನ್ಸಿಲ್ ಚೂಪು ಮಾಡುವ ಶ್ರದ್ಧೆ, ಶಿವಪುತ್ರಪ್ಪ ರೊಟ್ಟಿ ಮುರಿಯುವ ರೀತಿ, ಮಾರ್ತಾಂಡನ ಗೊರಕೆ ಎಲ್ಲವೂ ಅವನ ಕಂಠದಲ್ಲಿದ್ದವು. ತನ್ನನ್ನು ಮಾತ್ರ ಅಣಕಿಸಿಕೊಂಡಿರಲಿಲ್ಲ. ಅಣಕಿಸುವಂಥದ್ದು ತನ್ನಲ್ಲಿ ಏನೂ ಇಲ್ಲವೆಂಬುದು ಅವನ ಪ್ರಾಮಾಣಿಕ ನಂಬಿಕೆಯಾಗಿತ್ತು.

ಕಷ್ಟ ಬಂದದ್ದು ಗೂಟಗಳಿಂದ. ಇವರು ಹಗಲು ಹೊಡೆದ ಗೂಟ ಬೆಳಗಾಗುವುದರಲ್ಲಿ ಮಾಯವಾಗುತ್ತಿತ್ತು. ಕೆಲವು ಊರಿನ ಒಲೆ ಸೇರಿದವು, ಕೆಲವು ಹುಡುಗರ ಆಟದ ಚಿಣಿಕೋಲಾದವು, ಒಂದಕ್ಕೆ ಎಮ್ಮೆಯನ್ನು ಕಟ್ಟಿದ್ದನ್ನು ಏಕನಾಥ ಕಣ್ಣಾರೆ ಕಂಡ. ಕ್ಯಾಂಪಿನ ಕೊನೆಯ ದಿನ ಪ್ರೊಫೆಸರರು ಬಂದು ಒಂದು ಗೂಟವನ್ನಾದರೂ ತಾವೇ ಅಳೆದು ನೋಡುತ್ತಿದ್ದರು. ಅವರ ಲೆಕ್ಕಕ್ಕೂ ಪಾರ್ಟಿಯ ಲೆಕ್ಕಕ್ಕೂ ಒಂದು ಅಡಿಯ ನೂರರಲ್ಲಿ ಮೂರು ಭಾಗಕ್ಕಿಂತ ಹೆಚ್ಚು ಅಂತರ ಬಂದರೆ ಪಾರ್ಟಿ ಫೇಲು. ಗೂಟವೇ ಇಲ್ಲದಿದ್ದರಂತೂ ಅಳೆಯುವ ಮಾತೇ ಇಲ್ಲ. ಮಲಕಪ್ಪ ಮೂವರನ್ನೂ ನಿಲ್ಲಿಸಿ ಬೈದ. ಬೈಗುಳದಿಂದ ಅವನಿಗೆ ಸಮಾಧಾನವಾಯಿತೇ ಹೊರತು ಗೂಟಗಳೇನೂ ಹಿಂದಿರುಗಲಿಲ್ಲ.

ಐದನೆಯ ದಿನದಿಂದ ಒಂದು ವಿಚಿತ್ರ ನಡೆಯಿತು. ಉಳಿದ ಗೂಟಗಳು ಹೋದರೂ ಏಳನೆಯದು ಮಾತ್ರ ಕದಲಲಿಲ್ಲ. ಅದು ಬೇಲಿಯ ಮರೆಯಲ್ಲಿತ್ತು. ಅದರ ಎತ್ತರವನ್ನು ಮೊದಲೇ ತೆಗೆದಾಗಿದ್ದರಿಂದ ಮಲಕಪ್ಪ ಮತ್ತೆ ಅತ್ತ ಹೋಗುವ ಗೋಜಿಗೆ ಬೀಳಲಿಲ್ಲ. ‘ಅದು ಗಟ್ಟಿ ಕೂತದ, ಚಿಂತಿ ಮಾಡಬ್ಯಾಡ’ ಎಂದು ಮಾರ್ತಾಂಡ ಮಗ್ಗುಲು ಬದಲಿಸುತ್ತ ಹೇಳಿದ್ದನ್ನು ಅವನು ನಂಬಿದ.

ಇನ್ನೊಂದು ಕೆಲಸ ಬಾಕಿ ಇತ್ತು. ಪಾರ್ಟಿಯಲ್ಲಿ ಯಾರು ಏನು ಮಾಡಿದರು, ಹೇಗೆ ಕೂಡಿ ದುಡಿದರು ಎಂದು ಮುಖಂಡ ಒಂದು ಪುಟ ಬರೆದು ಕೊಡಬೇಕಾಗಿತ್ತು. ಕೊನೆಯ ದಿನ ಮಲಕಪ್ಪ ಬೆಳಗ್ಗೆ ಬೇಗ ಎದ್ದು, ಹೆದರಿಕೆಯಿಂದ ಹೊಟ್ಟೆಗೆ ಏನೂ ಹಾಕಿಕೊಳ್ಳದೆ ಬರೆಯಲು ಕುಳಿತ. ‘ಸಹಕಾರ ಉತ್ತಮವಾಗಿತ್ತು’ ಎಂದು ಆರಂಭಿಸಿದ. ಜಾಗ ಆರಿಸಿದ್ದು ಮಲಕಪ್ಪ, ಯಂತ್ರ ನಿಲ್ಲಿಸಿದ್ದು ಮಲಕಪ್ಪ, ಗೂಟಗಳ ರಕ್ಷಣೆಯ ಏರ್ಪಾಡು ಮಲಕಪ್ಪ. ‘ಉಳಿದವರೂ ಹಾಜರಿದ್ದರು’ ಎಂದು ಉದಾರ ಮನಸ್ಸಿನಿಂದ ಮುಗಿಸಿದ.

ಹತ್ತು ಗಂಟೆಗೆ ಪ್ರಲ್ಹಾದರಾಯರು ಬಂದರು. ಧಾರವಾಡದ ಕಡೆಯವರು, ಪುಣೆಯಲ್ಲಿ ಇಪ್ಪತ್ತು ವರ್ಷದಿಂದ ಪ್ರೊಫೆಸರು. ಕಾಗದವನ್ನು ಓದಿ, ಮಡಿಚಿ, ಕೋಟಿನ ಜೇಬಿಗೆ ಹಾಕಿಕೊಂಡು ಏಳನೆಯ ಗೂಟ ತೋರಿಸಲು ಹೇಳಿದರು. ಬೇಲಿ ದಾಟಿದ ಮಲಕಪ್ಪ ಅಲ್ಲೇ ನಿಂತುಬಿಟ್ಟ.

ಗೂಟಕ್ಕೆ ಮೈತುಂಬ ಸಿಂಧೂರ. ಸುತ್ತ ಮೂರು ಕಲ್ಲು, ಎದುರಿಗೆ ಒಡೆದ ತೆಂಗಿನಕಾಯಿ, ಮೇಲೆ ಚೆಂಡುಹೂವು. ಪಕ್ಕದಲ್ಲಿ ಗಂಗೂಬಾಯಿ ಎಂಬ ಮುದುಕಿ ಪೂಜಾರಿಣಿಯಾಗಿ ಕುಳಿತಿದ್ದಳು. ಐದು ದಿನದ ಹಿಂದೆ ಈ ದೇವರು ತಾನಾಗಿಯೇ ನೆಲದಿಂದ ಎದ್ದನೆಂದೂ, ಹರಕೆ ಹೊತ್ತ ಮೂರನೆಯ ದಿನ ತನ್ನ ಒದೆಯುವ ಎಮ್ಮೆ ಸುಮ್ಮನೆ ನಿಂತು ಹಾಲು ಕೊಟ್ಟಿತೆಂದೂ ಅವಳು ಮರಾಠಿಯಲ್ಲಿ ರಾಯರಿಗೆ ವಿವರಿಸಿದಳು.

ರಾಯರು ಒಮ್ಮೆ ಕೆಮ್ಮಿ ಜೇಬಿನಿಂದ ಕಾಗದ ತೆಗೆದರು.

“ಗೂಟಗಳ ರಕ್ಷಣೆಯ ಏರ್ಪಾಡು ಮಲಕಪ್ಪ, ಅಂತ ನೀವೇ ಬರದೀರಿ. ಅಂದ್ರ ಈ ದೇವರನ್ನ ಪ್ರತಿಷ್ಠಾಪನಾ ಮಾಡಿದವರು ನೀವೇ ಆದ್ರಿ.”

ಮಲಕಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹೌದೆಂದರೆ ಸರ್ವೇ ಗೂಟಕ್ಕೆ ಬಣ್ಣ ಬಳಿದ ಅಪರಾಧ, ಅಲ್ಲವೆಂದರೆ ಸುಳ್ಳು ಬರೆದ ಅಪರಾಧ. ಎರಡೂ ದಾರಿ ಗದಗಿನ ಗಾದಿಗೇ ಹೋಗುತ್ತಿದ್ದವು. ಅವನು ತುಟಿ ಎರಡು ಮಾಡುವ ಮೊದಲೇ ಮಾರ್ತಾಂಡ ಮುಂದೆ ಬಂದು, ಸಿಂಧೂರ ಬಳಿದವನು ತಾನು ಎಂದ. ಅದನ್ನು ಕಲಸಲು ಎಣ್ಣೆ ಕೊಟ್ಟದ್ದು ತಾನು, ಅವಲಕ್ಕಿಗೆ ಇಟ್ಟುಕೊಂಡದ್ದು ಎಂದು ಶಿವಪುತ್ರಪ್ಪ ಸೇರಿಸಿದ. ಮಂತ್ರವಿಲ್ಲದೆ ಕೆಲಸ ಪೂರ್ತಿಯಾಗುವುದಿಲ್ಲವೆಂದು ತಾನೇ ನಾಲ್ಕು ಮಂತ್ರ ಹೇಳಿ ಹೂವಿಟ್ಟಿದ್ದಾಗಿ ಏಕನಾಥ ಮರಾಠಿಯಲ್ಲಿ ಒಪ್ಪಿಕೊಂಡ. ಐದನೆಯ ದಿನದ ಸಂಜೆ ಮೂವರೂ ಕೂಡಿಯೇ ಹೋಗಿದ್ದರು.

ಮಲಕಪ್ಪ ಶಿವಪುತ್ರಪ್ಪನ ಅಂಗಿ ಹಿಡಿದು ಎಳೆದ. “ನನಗ್ಯಾಕ ಹೇಳಲಿಲ್ಲೊ?”

“ನೀ ಕೇಳಾಂವ ಎಲ್ಲಿದ್ದೆಪಾ? ನೀ ಬರೇ ಹೇಳಾಂವ.”

ಶಿಕ್ಷೆಯ ವಿಚಾರ ಆಮೇಲೆ, ಮೊದಲು ಅಳತೆ ಆಗಲಿ ಎಂದು ರಾಯರು ಕೋಲು ಇಡಲು ಹೇಳಿದರು. ಗಂಗೂಬಾಯಿ ಗೂಟಕ್ಕೆ ಅಡ್ಡ ಕುಳಿತಳು. ದೇವರ ನೆತ್ತಿಯ ಮೇಲೆ ಕೋಲು ಊರುವವರನ್ನು ತಾನು ಎಲ್ಲೂ ಕಂಡಿಲ್ಲ ಎಂದಳು. ಸುತ್ತ ಊರವರು ಕೂಡಿದರು. ರಾಯರು ತಮ್ಮ ಇಪ್ಪತ್ತು ವರ್ಷದ ಸರ್ವೀಸನ್ನು ವಿವರಿಸಿದರು. ಅವಳು ಎಮ್ಮೆಯ ಹಾಲನ್ನು ಎತ್ತಿ ಹೇಳಿದಳು. ಕೊನೆಗೆ ಏಕನಾಥ ಅವಳ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಇದು ದೇವರಿಗೆ ತರುವ ನಿಶಾನೆಯ ಕಂಬ, ಮುಟ್ಟಿಸಿ ತೆಗೆಯುವುದು ಸೇವೆಯ ಒಂದು ಬಗೆ ಎಂದು ನಯವಾಗಿ ಮನಸ್ಸು ತಿರುಗಿಸಿದ. ಹತ್ತು ದಿನ ಅವಳ ಮನೆಯಲ್ಲಿ ಭಾಕರಿ ರೊಟ್ಟಿ ತಿಂದಿದ್ದ ಶಿವಪುತ್ರಪ್ಪ ‘ಹೌದು, ಮಾವಶಿ’ ಎಂದು ಸ್ವಂತ ಚಿಕ್ಕಮ್ಮನಿಗೆ ಹೇಳುವಂತೆ ಒತ್ತಿದ. ಅವಳು ಒಪ್ಪಿದಳು, ಆದರೆ ಕಟ್ಟಳೆ ಹಾಕಿದಳು. ಒಬ್ಬನೇ ಮುಟ್ಟಬೇಕು. ಬರಿಗಾಲಲ್ಲಿರಬೇಕು, ಮಿಂದಿರಬೇಕು, ಬೆಳಗಿನಿಂದ ಉಪವಾಸ ಇರಬೇಕು.

ಶಿವಪುತ್ರಪ್ಪ ನಾಲ್ಕು ಭಾಕರಿ ತಿಂದು ಬಂದಿದ್ದ. ಏಕನಾಥನದು ಎರಡು ಸಲ ಚಹಾ ಆಗಿತ್ತು. ಮಾರ್ತಾಂಡ ನಿದ್ದೆಗಣ್ಣಿನಲ್ಲೇ ಅವಲಕ್ಕಿ ಮುಕ್ಕಿದ್ದ. ಉಪವಾಸ ಇದ್ದವನು ಒಬ್ಬನೇ. ಎಲ್ಲರೂ ಮಲಕಪ್ಪನ ಕಡೆ ನೋಡಿದರು.

ಗಂಗೂಬಾಯಿಯ ಸೊಸೆ ಬಾವಿಯಿಂದ ನಾಲ್ಕು ಕೊಡ ನೀರು ತಂದು ಅವನ ತಲೆಯ ಮೇಲೆ ಸುರಿದಳು. ಡಿಸೆಂಬರಿನ ನೀರು. ಅವನು ಜೀವಮಾನದಲ್ಲಿ ಅಷ್ಟೊಂದು ದೇವರ ಹೆಸರು ಒಟ್ಟಿಗೆ ಹೇಳಿರಲಿಲ್ಲ. ಒದ್ದೆ ಪಂಚೆಯಲ್ಲಿ, ಬರಿಗಾಲಲ್ಲಿ, ಕಳೆದ ಹತ್ತು ದಿನ ಒಮ್ಮೆಯೂ ಮುಟ್ಟದ ಕೋಲನ್ನು ಎರಡೂ ಕೈಯಿಂದ ಹಿಡಿದು ದೇವರ ನೆತ್ತಿಯ ಮೇಲೆ ಇಟ್ಟ. ಇನ್ನೂರು ಅಡಿ ದೂರದಲ್ಲಿ ರಾಯರು ಯಂತ್ರಕ್ಕೆ ಕಣ್ಣು ಹಚ್ಚಿದರು.

ಮೇಲೆ ಬೀಸುವ ಗಾಳಿ ಕೋಲನ್ನು ಇಷ್ಟು ಎಳೆಯುತ್ತದೆಂದು ಮಲಕಪ್ಪನಿಗೆ ಗೊತ್ತೇ ಇರಲಿಲ್ಲ. ಒಂದು ಕಡೆ ಗಾಳಿ ಎಳೆದರೆ ಇನ್ನೊಂದು ಕಡೆ ನಡುಕ ಎಳೆಯುತ್ತಿತ್ತು. ತೋಳು ಸೋಲತೊಡಗಿತು. ಇದನ್ನು ದಿನಕ್ಕೆ ನಲವತ್ತು ಸಲ ಹಿಡಿದು ನಿಂತವನು ಒಮ್ಮೆಯೂ ಗೊಣಗಲಿಲ್ಲವಲ್ಲ ಎಂಬ ವಿಚಾರ ಅವನ ಮನಸ್ಸಿನಲ್ಲಿ ಹಾದುಹೋಯಿತು. ಅಂಥ ವಿಚಾರಕ್ಕೆ ಅದು ಹೊತ್ತಲ್ಲ. ರಾಯರು ಕಣ್ಣು ತೆಗೆದು ತಲೆಯಲ್ಲಾಡಿಸಿದರು. ಕೋಲು ಕುಣಿಯುತ್ತಿದೆ, ಅಂಕಿ ಸಿಗುವುದಿಲ್ಲ, ಇನ್ನೊಮ್ಮೆ ಮಾತ್ರ ನೋಡುವೆ ಎಂದು ಏಕನಾಥನಿಗೆ ಹೇಳಿದರು.

ಆಗ ಶಿವಪುತ್ರಪ್ಪ ಯಂತ್ರದ ಪಕ್ಕ ನಿಂತ. ಒಂದು ಕೈ ಸೊಂಟಕ್ಕಿಟ್ಟ. ಗದ್ದ ಮೇಲೆತ್ತಿದ. ಮೂಗಿನಿಂದ ಒಂದು ಧ್ವನಿ ಹೊರಟು ಕೆರೆಯ ಆಚೆ ದಂಡೆಗೂ ಮುಟ್ಟಿತು.

“ಅಲ್ಲಾಡಬ್ಯಾಡೊ ಎಮ್ಮೀ! ಕೋಲು ಹಿಡಿಲಿಕ್ಕೆ ಬುದ್ಧಿ ಏನು ಬೇಕು, ಸುಮ್ಮ ನಿಂತ್ರ ಸಾಕು!”

ಯಾವನಿವನು ಇಷ್ಟು ಜಂಬದಿಂದ ಒದರುವವನು ಎಂದು ಮಲಕಪ್ಪ ಒಂದು ಕ್ಷಣ ತಬ್ಬಿಬ್ಬಾದ. ಮರುಕ್ಷಣ ಗುರುತು ಹತ್ತಿತು. ಮೂಗು, ಗದ್ದ, ಸೊಂಟದ ಮೇಲಿನ ಕೈ, ಎಲ್ಲವೂ ತನ್ನದೇ ಸ್ವತ್ತು. ಮಾರ್ತಾಂಡ ಹೊಟ್ಟೆ ಹಿಡಿದು ನೆಲಕ್ಕೆ ಕುಳಿತಿದ್ದ. ಮಲಕಪ್ಪನ ಕಿವಿ ಬಿಸಿಯಾಯಿತು, ಕೆನ್ನೆ ಬಿಸಿಯಾಯಿತು, ಆ ಬಿಸಿ ಇಳಿದು ಅಂಗಾಲಿನವರೆಗೂ ಹೋಯಿತು. ನಾಲ್ಕು ಕೊಡ ನೀರಿನ ಚಳಿಯನ್ನು ಒಂದು ಮಾತಿನ ನಾಚಿಕೆ ಕಾಯಿಸಿಬಿಟ್ಟಿತು. ನಡುಕ ನಿಂತಿತು. ಕೋಲೂ ನಿಂತಿತು.

ರಾಯರು ನೋಡಿದರು, ಅಂಕಿ ಹೇಳಿದರು, ಏಕನಾಥ ಬರೆದ. ಕೆರೆಯ ಕಟ್ಟೆಯ ಕಲ್ಲಿಗಿಂತ ಗೂಟ ಹನ್ನೊಂದೂವರೆ ಅಡಿಯಷ್ಟು ಎತ್ತರ. ಪಾರ್ಟಿಯ ಲೆಕ್ಕಕ್ಕೂ ರಾಯರ ಲೆಕ್ಕಕ್ಕೂ ಅಂತರ ಅಡಿಯ ನೂರರಲ್ಲಿ ಎರಡೇ ಭಾಗ. ಗೂಟ ಚೂರೂ ಕದಲಿರಲಿಲ್ಲ. ಕದಲಿಸುವ ಧೈರ್ಯ ಯಾರಿಗೂ ಇರಲಿಲ್ಲ.

“ಆ ಎರಡು ಭಾಗ ಸಿಂಧೂರದ್ದು,” ಎಂದರು ರಾಯರು. “ಭಕ್ತಿ ಒಳಗ ಅಷ್ಟು ದೇವರು ಬೆಳೀತಾನ. ಪಾಸ್.” ಇಪ್ಪತ್ತು ವರ್ಷದಲ್ಲಿ ಈ ಊರಿನಲ್ಲಿ ಐದು ದಿನ ಉಳಿದ ಗೂಟ ಇದೊಂದೇ ಎಂದೂ ಸೇರಿಸಿ, ಶಿಕ್ಷೆಯ ಮಾತನ್ನು ಎತ್ತದೆ, ಸಹಕಾರದ ಕಾಗದವನ್ನು ಏಕನಾಥನ ಕೈಗೆ ಕೊಟ್ಟು ಹೊಸದಾಗಿ ಬರೆಯಲು ಹೇಳಿದರು.

ದೂರದಲ್ಲಿದ್ದ ಮಲಕಪ್ಪನಿಗೆ ಇದೊಂದೂ ಕೇಳಿಸಲಿಲ್ಲ. ಕೋಲು ಹಿಡಿದವನಿಗೆ ಅಂಕಿ ಹೇಳುವ ಪದ್ಧತಿ ಅವರ ಪಾರ್ಟಿಯಲ್ಲಿ ಇರಲಿಲ್ಲ. ಆ ಪದ್ಧತಿ ಮಾಡಿದ್ದೂ ಅವನೇ. ಮೂವರೂ ಓಡಿ ಬರುವುದು ಕಂಡಿತು. ಸಂತೋಷಕ್ಕೋ ದುಃಖಕ್ಕೋ ತಿಳಿಯದೆ ಇನ್ನಷ್ಟು ಗಟ್ಟಿಯಾಗಿ ನಿಂತ.

“ಪಾಸಾದ್ವಿ ಬಿಡೊ ಇನ್ನ, ಕೋಲು ಬಿಡು,” ಎಂದ ಶಿವಪುತ್ರಪ್ಪ ಏದುಸಿರು ಬಿಡುತ್ತ.

ಮಲಕಪ್ಪ ಬಿಡಬೇಕೆಂದೇ ಇದ್ದ. ಆದರೆ ಬೆರಳುಗಳು ಮರಗಟ್ಟಿ ಕೋಲಿಗೆ ಅಂಟಿಕೊಂಡಿದ್ದವು. ಬಲಗೈ ಬೆರಳುಗಳನ್ನು ಶಿವಪುತ್ರಪ್ಪ ಒಂದೊಂದಾಗಿ ಬಿಡಿಸಿದ, ಎಡಗೈಯವನ್ನು ಏಕನಾಥ. ಮಾರ್ತಾಂಡ ದೇವರ ಪಕ್ಕ ಅಡ್ಡಾಗಿ, ಎಲ್ಲಿ ಹಿಡಿದು ಎಳೆಯಬೇಕೆಂದು ಮಲಗಿದಲ್ಲಿಂದಲೇ ಹೇಳುತ್ತಿದ್ದ. ಅವನು ಹೇಳಿದಂತೆಯೇ ಎಲ್ಲರೂ ಮಾಡಿದರು, ಮಲಕಪ್ಪ ಕೂಡ.