ಸುಮಂತನ ವಿಮಾನದ ಶೇರು

ವಿಮಾನ ಕಂಪನಿಯ ಫಲಿತಾಂಶ ಪತ್ರಿಕೆಯಲ್ಲಿ ಬಂದ ದಿನವೇ ನನ್ನ ತಮ್ಮ ಸುಮಂತ ತೀರಿಕೊಂಡ ಸುದ್ದಿಯೂ ಬಂತು. ಜಗತ್ ವೃತ್ತದ ಚಹಾದಂಗಡಿಯಲ್ಲಿ ಅದನ್ನೇ ಓದುತ್ತ ಕುಳಿತವನು ಹಾಗೆಯೇ ಒರಗಿದ್ದ. ಬ್ರಹ್ಮಪುರದ ನಮ್ಮ ಮನೆಗೆ ಓಡಿಬಂದು ಹೇಳಿದವನು ಅವನ ಗೆಳೆಯ ನಬಿಸಾಬ್. ಕಂಪನಿಗೆ ಆ ವರ್ಷ ಲಾಭವಾಗಿತ್ತು. ಆದರೆ ಹಳೆಯ ನಷ್ಟ ತುಂಬುವವರೆಗೆ ಶೇರುದಾರರಿಗೆ ಲಾಭಾಂಶವಿಲ್ಲವಂತೆ.

ಸುಮಂತ ಎಂದೂ ವಿಮಾನ ಹತ್ತಿದವನಲ್ಲ. ನಿವೃತ್ತಿಯ ಹಣದಲ್ಲಿ ಆ ಕಂಪನಿಯ ಶೇರು ಕೊಂಡು, ಮೊದಲ ಲಾಭಾಂಶ ಬರುವವರೆಗೆ ತನಗೆ ಪ್ರಾಣವಾಗಿದ್ದ ಕಮಲಾಪುರದ ಕೆಂಪು ಬಾಳೆಹಣ್ಣು ಮುಟ್ಟುವುದಿಲ್ಲವೆಂದು ದೇವರೆದುರು ಹರಕೆ ಹೊತ್ತಿದ್ದ. ಅಲ್ಲಿ ಬಾಳೆತೋಟವಿದ್ದ ನಬಿಸಾಬ್ ಚುಡಾಯಿಸುತ್ತಿದ್ದ: “ಸುಮಂತರಾವ, ವಿಮಾನ ಮ್ಯಾಲ ಹೋಗ್ತದ, ನಿಮ್ಮ ಶೇರು ಕೆಳಗ ಬರ್ತದ. ಹಣ್ಣು ತಿನ್ರೀ!”

ಹತ್ತನೆಯ ದಿನದ ಕರ್ಮ ಆ ತೋಟದ ಪಕ್ಕದ ಹಳ್ಳದ ದಂಡೆಯಲ್ಲಿ ನಡೆಯಿತು. ಪಿಂಡ ಇಟ್ಟೆವು. ಕಾಗೆ ಬೇವಿನ ಕೊಂಬೆಯ ಮೇಲೆ ಕೂತಿತು, ಇಳಿಯಲಿಲ್ಲ. ಕಾಗೆ ಮುಟ್ಟದಿದ್ದರೆ ಹೋದವನ ಆಸೆ ಉಳಿದಿದೆಯೆಂದೇ ಅರ್ಥ. ಅದನ್ನು ನಡೆಸಿಕೊಡುವೆವೆಂದು ಮಾತು ಕೊಡಬೇಕು. ಇಲ್ಲದಿದ್ದರೆ ಅವನಿಗೆ ಶಾಂತಿಯಿಲ್ಲ.

“ನನ್ನ ಚಿಂತಿ ಬ್ಯಾಡ್ರಿ, ಪಿಂಚಣಿ ಅದ,” ಎಂದಳು ಅವನ ಹೆಂಡತಿ ರಂಜನಾ. ಕಾಗೆ ಕದಲಲಿಲ್ಲ.

“ತುಳಸಿಕಟ್ಟಿ ರಿಪೇರಿ ಮಾಡಸ್ತೀನೋ,” ಎಂದೆ ನಾನು. ಕಾಗೆ ಬೆನ್ನು ತಿರುಗಿಸಿತು.

ಬಿಸಿಲು ಏರಿತು. ನನಗೆ ಅಳು ಬಂತು. ದೂರದಲ್ಲಿ ನಿಂತಿದ್ದ ನಬಿಸಾಬ್ ನನಗೆ ಕೂಗಿ ಹೇಳಿದ: “ಮುಕುಂದರಾವ, ಇಲ್ಲಿಗೆ ಬರೂವಾಗ ಟೆಂಪೋದಾಗ ಏನಂದ್ರಿ? ಆ ದರಿದ್ರ ಶೇರು ನಾಳೇನೇ ಮಾರಸ್ತೀನಿ ಅಂದ್ರಿಲ್ಲ? ಕೇಳ್ಯಾನ ನೋಡ್ರಿ ಅಂವಾ!”

“ಟೆಂಪೋದಾಗ ಅಂವಾ ಎಲ್ಲಿದ್ದನೋ?” ಎಂದೆ.

“ಅಂವಗ ಟೆಂಪೋ ಯಾಕ ಬೇಕ್ರೀ? ಈಗ ಹಾರಾಕ ಬರ್ತದಲ್ಲ!”

ರಂಜನಾ ನನ್ನನ್ನು ನೋಡಿ, ಮಾತು ಕೊಡಿ ಎನ್ನುವಂತೆ ತಲೆಯಾಡಿಸಿದಳು. ನಾನು ಕೈ ಮುಗಿದೆ: “ಮಾರೂದಿಲ್ಲೋ ತಮ್ಮಾ. ಲಾಭಾಂಶ ಬರೂತನಕ ಇಟಗೋತೀವಿ.”

ಕಾಗೆ ಸರ್ರನೆ ಇಳಿದು ಪಿಂಡ ಮುಟ್ಟಿತು.

ಸಂತೋಷದಿಂದ ನಬಿಸಾಬ್ ಒಂದು ಕೆಂಪು ಬಾಳೆಹಣ್ಣು ಸುಲಿದು ಕಲ್ಲಿನ ಮೇಲಿಟ್ಟ: “ಈಗರೆ ತಿನ್ನಪ್ಪ!” ಕಾಗೆ ಅದನ್ನು ಒಂದು ಸುತ್ತು ಹಾಕಿತು, ಕೊರಳು ಓರೆಮಾಡಿ ನೋಡಿತು, ಮುಟ್ಟದೆ ಹಾರಿಹೋಯಿತು.

“ಲಾಭಾಂಶ ಇನ್ನಾ ಬಂದಿಲ್ಲಲ್ಲ, ಭಾವನವರ,” ಎಂದಳು ರಂಜನಾ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ. ಅಷ್ಟು ದಿನದಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಅಂದಿನಿಂದ ಆ ಹಣ್ಣನ್ನು ನಾನೂ ಬಿಟ್ಟಿದ್ದೇನೆ. ಪಾಂಡುರಂಗಾ, ಆ ಕಂಪನಿಯ ಹಳೆಯ ನಷ್ಟವನ್ನು ಬೇಗ ತುಂಬಿಸು. ಅದು ತಡವಾದರೂ ಚಿಂತೆಯಿಲ್ಲ, ಅಲ್ಲಿಯವರೆಗೆ ನನ್ನ ತಮ್ಮನನ್ನು ಮಾತ್ರ ಕಾಯಿಸಬೇಡ. ನಿನ್ನ ಪಾದದ ಬಳಿ ಅವನಿಗೆ ಶಾಂತಿ ಕೊಡು.